ಬೀದರ್ ಬಸ್ಸಿನ ಬೋರೆಹಣ್ಣು

ಅಮೀರ್‌ಪೇಟೆಯ ಮೆಟ್ರೋ ಕಂಬಗಳು ಬೆಳಗಿನ ಮಂಜಿನಲ್ಲಿ ಅರ್ಧ ಕರಗಿದ್ದವು. ಬೀದರ್ ಬಸ್ಸಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲೇ ಒಬ್ಬ ತಾಯಿ, ತಮ್ಮ ಮನೆಯಲ್ಲೇ ಇದ್ದು ಕೂಸು ನೋಡಿಕೊಳ್ಳುವ ಹುಡುಗಿಯನ್ನು ಸಂಕ್ರಾಂತಿ ರಜೆಗೆ ಊರಿಗೆ ಕಳಿಸಲು ಕೂಸಿನ ಸಮೇತ ಬಂದಿದ್ದರು.

"ಕೂಸು ಅತ್ರ ವಿಡಿಯೋ ಕಾಲ್ ಮಾಡಬ್ಯಾಡ್ರಿ ಅಕ್ಕಾ, ನನ್ನ ನೋಡಿ ಇನ್ನೂ ಅಳ್ತಾಳ. ಕಿವಿ ಹಿಂದ ಸವರ್ರಿ, ಮಲಗ್ತಾಳ."

"ನೀ ತಿರುಗಿ ಬರ್ತಿ ಹೌದಿಲ್ಲೋ?"

ಹುಡುಗಿ ಕೂಸಿನ ಟೋಪಿ ಸರಿಮಾಡಿದಳು.

ಸಂಕ್ರಾಂತಿಗೆ ಸಣ್ಣ ಮಕ್ಕಳ ತಲೆಗೆ, ದೃಷ್ಟಿ ತಾಗದಿರಲೆಂದು, ಬೋರೆಹಣ್ಣು, ಅಂದರೆ ಎಲಚಿಹಣ್ಣು, ಎರೆಯುತ್ತಾರೆ. ತಾಯಿ ತಾವು ತಂದಿದ್ದ ಹಣ್ಣನ್ನು ಹಬ್ಬಕ್ಕೆ ಮೊದಲೇ, ಅಲ್ಲೇ, ಹುಡುಗಿಯ ತೊಡೆಯ ಮೇಲಿದ್ದ ಕೂಸಿಗೆ ಎರೆದರು. ಉಳಿದದ್ದನ್ನು ಹುಡುಗಿಯ ತಲೆಗೇ ಸುರಿದುಬಿಟ್ಟರು.

"ಅಯ್ಯ, ನಾ ಏನ್ ಸಣ್ಣಾಕೀನ್ರಿ?"

ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ನಿದ್ದೆಹೋದಳು. ಜಡೆಯಲ್ಲಿ ಒಂದು ಹಣ್ಣು ಸಿಕ್ಕಿಕೊಂಡಿತ್ತು. ಅವಳ ಬೆರಳು ಮಾತ್ರ ಮಡಿಲಲ್ಲಿದ್ದ ಚೀಲದ ಅಂಚನ್ನು ಮೆಲ್ಲಗೆ ಸವರುತ್ತಲೇ ಇತ್ತು.