ಟೈಲರಮ್ಮನ ಪರ ನಿಂತ ಜಗಳಗಂಟಿ

ನಮ್ಮ ಡಯಾಲಿಸಿಸ್ ವಿಭಾಗದ ಹೆಡ್ ಸಿಸ್ಟರ್‌ಗೆ ರೋಗಿಗಳಾದ ನಾವು ಇಟ್ಟ ಹೆಸರು ಜಗಳಗಂಟಿ. ಬೆನ್ನ ಹಿಂದೆ ಆಡುತ್ತಿದ್ದ ಈ ಮಾತು ಹೇಗೋ ಅವರ ಕಿವಿಗೂ ಬಿತ್ತು. "ಇಟ್ಟಿದ್ದು ಇಟ್ಟಿದೀರಿ, ಕೊನೇಲಿ ಅಕ್ಕ ಅಂತಾದರೂ ಸೇರಿಸಿ, ಸ್ವಲ್ಪ ಮರ್ಯಾದೆ ಇರಲಿ" ಎಂದರು. ಅಂದಿನಿಂದ ಅವರು ಜಗಳಗಂಟಿ ಅಕ್ಕ. ವಯಸ್ಸಿನಲ್ಲಿ ಹಿರಿಯರಾದವರೂ ಅಕ್ಕ ಎಂದೇ ಕರೆಯುತ್ತಿದ್ದರು.

ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಎರಡು ಕಿಡ್ನಿಗಳೂ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಆ ಉದ್ದನೆಯ ಕೋಣೆಗೆ ಹೋಗಿ, ಗೋಡೆಗೆ ತಾಗಿದ ಕುರ್ಚಿಯಲ್ಲಿ ಕೈಚಾಚಿ ಕೂರುತ್ತೇನೆ. ತೋಳಿಗೆ ಎರಡು ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ಶುದ್ಧವಾಗಿ ವಾಪಸು ಬರುತ್ತದೆ. ಅದು ಮುಗಿಯುವವರೆಗೆ ಎದ್ದು ಹೋಗುವಂತಿಲ್ಲ. ಹೀಗಾಗಿ ಅಲ್ಲಿ ನಡೆದದ್ದೆಲ್ಲ, ಬೇಡವೆಂದರೂ, ಕಣ್ಣಿಗೂ ಕಿವಿಗೂ ಬೀಳುತ್ತದೆ.

ಅಕ್ಕ ಈ ವಿಭಾಗಕ್ಕೆ ಬಂದದ್ದು ಇಷ್ಟಪಟ್ಟಲ್ಲ. ಮೊದಲು ಆಪರೇಷನ್ ವಾರ್ಡಿನಲ್ಲಿದ್ದರು. ಮೇಲಿನವರು ತಪಾಸಣೆಗೆ ಬರುತ್ತಾರೆಂದು ನರಳುತ್ತಿದ್ದ ರೋಗಿಯೊಬ್ಬನ ಮಂಚವನ್ನು ಮರೆಗೆ ತಳ್ಳಲು ಹೇಳಿದಾಗ, ಚಕ್ರಕ್ಕೆ ಕಾಲು ಅಡ್ಡ ಕೊಟ್ಟು ನಿಂತುಬಿಟ್ಟರಂತೆ. ಅದಕ್ಕೆ ಶಿಕ್ಷೆಯಾಗಿ ಇಲ್ಲಿಗೆ ಎತ್ತಂಗಡಿ. "ಬೇರೆ ವಾರ್ಡಲ್ಲಿ ರೋಗಿಗಳು ವಾಸಿಯಾಗಿ ಮನೆಗೆ ಹೋಗ್ತಾರೆ. ನೀವು ಹೋಗಲ್ಲ. ಜಗಳ ಆಡೋಕೆ ಬೇಕಾದಷ್ಟು ಪುರುಸೊತ್ತು" ಎಂದು ನಗುತ್ತಿದ್ದರು. ಮನೆಯಲ್ಲಿ ಬಣ್ಣ ಬಳಿಯುವ ಕೆಲಸದ ಗಂಡ, ಮತ್ತೆ ಅತ್ತೆ. ಅತ್ತೆಯೂ ಸೊಸೆಯೂ ಬಾಯಲ್ಲಿ ಸರಿಸಮ. ಯಾರೂ ಗೆಲ್ಲುವುದಿಲ್ಲವೆಂದು ಇಬ್ಬರಿಗೂ ತಿಳಿದಿದ್ದರಿಂದ ಮನೆಯಲ್ಲಿ ಪೂರ್ತಿ ಶಾಂತಿ ಎಂದು ಆ ಗಂಡನೇ ಒಮ್ಮೆ ನನಗೆ ಹೇಳಿದ್ದ.

ಅವರು ಬಂದ ಹೊಸತರಲ್ಲೇ ಮೊದಲ ಜಗಳವಾಯಿತು, ತೂಕದ ಯಂತ್ರದ ವಿಷಯಕ್ಕೆ. ನಮ್ಮಂಥವರು ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ, ತೂಕ ಏರುತ್ತದೆ. ದಿನಕ್ಕೆ ಇಷ್ಟೇ ನೀರು ಎಂದು ಅಳತೆ. ತೂಕದ ಯಂತ್ರ ಬಾಗಿಲ ಎದುರೇ ಇತ್ತು. ಹತ್ತಿದ ಕೂಡಲೇ ಯಾರೋ ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದರು, ಹಿಂದೆಯೇ ಬೈಗುಳ. ಬಾಯಾರಿಕೆ ತಡೆಯದೆ ಎರಡು ಗುಟುಕು ಜಾಸ್ತಿ ಕುಡಿದವನು ಕಳ್ಳನ ಹಾಗೆ ತಲೆತಗ್ಗಿಸಿ ಕುರ್ಚಿಗೆ ನಡೆಯಬೇಕಿತ್ತು. ಅಕ್ಕ ಯಂತ್ರವನ್ನು ತಾವೇ ಎಳೆದುಕೊಂಡು ಹೋಗಿ ಪರದೆಯ ಹಿಂದೆ ಇಟ್ಟರು. ಹಿರಿಯ ಡಾಕ್ಟರು, "ಗದರದಿದ್ರೆ ಇವರು ಮಾತು ಕೇಳಲ್ಲ ಸಿಸ್ಟರ್" ಎಂದರು.

"ನೀವು ಒಂದು ವಾರ ಇವರಷ್ಟೇ ನೀರು ಕುಡೀರಿ ಸರ್. ಆಮೇಲೆ ನಾನೇ ನಿಮಗೆ ಬಾಗಿಲ ಹತ್ರ ನಿಂತು ಗದರ್ತೀನಿ."

ಡಾಕ್ಟರು ಮುಖ ಗಂಟಿಕ್ಕಿಕೊಂಡು ಹೋದರು. ಯಂತ್ರ ಪರದೆಯ ಹಿಂದೆಯೇ ಉಳಿಯಿತು.

ನನ್ನ ಎದುರಿನ ಕುರ್ಚಿ ಟೈಲರಮ್ಮನದು. ವಯಸ್ಸಾದ ವಿಧವೆ, ಬಟ್ಟೆ ಹೊಲಿದೇ ಒಬ್ಬ ಮಗನನ್ನು ಸಾಕಿದವರು. ಮಗ ಬಸ್ ಕಂಡಕ್ಟರ್. ತಾಯಿಯನ್ನು ಕೈಹಿಡಿದು ಕರೆತಂದು ಕೂರಿಸಿ, ಓಡಿಹೋಗಿ ಡ್ಯೂಟಿ ಮಾಡಿ, ಮತ್ತೆ ಓಡಿಬಂದು ಕರೆದೊಯ್ಯುವ ಮಗ. ಟೈಲರಮ್ಮ ಹಾಸ್ಯದ ಹೆಂಗಸು. ನನ್ನ ಅಂಗಿ ನೋಡಿ, "ಇದನ್ನ ಹೊಲಿದೋನು ಕಣ್ಣುಮುಚ್ಚಿ ಹೊಲಿದಿದಾನೆ" ಎಂದು ಮೊದಲ ದಿನವೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಬರಬರುತ್ತಾ ಅವರ ಹೃದಯವೂ ಸೋಲತೊಡಗಿತು. ಯಂತ್ರಕ್ಕೆ ಹಾಕಿದರೆ ಸಾಕು, ರಕ್ತದೊತ್ತಡ ಕುಸಿಯುತ್ತಿತ್ತು. ಕಾಲಿನ ಮೀನಖಂಡ ಹಿಡಿದುಕೊಂಡು, ಹಲ್ಲು ಕಚ್ಚಿ ನರಳುತ್ತಿದ್ದರು. ತೋಳಿನ ರಕ್ತನಾಳ ಮುಚ್ಚಿಹೋಗಿ ಕುತ್ತಿಗೆಗೆ ಕೊಳವೆ ಬಂತು. ಒಂದು ದಿನ ಅಕ್ಕ ಕಾಲು ತಿಕ್ಕುತ್ತಿದ್ದಾಗ ಟೈಲರಮ್ಮ ಸಾವಕಾಶವಾಗಿ ಹೇಳಿದರು: "ನನಗೆ ಸಾಕು ಕಣಮ್ಮ. ಇನ್ನು ಬರಲ್ಲ."

ಅಕ್ಕ ತಕ್ಷಣ ತಲೆಯಾಡಿಸಲಿಲ್ಲ. ಮಾತು ತೇಲಿಸಲೂ ಇಲ್ಲ. "ಬರದೇ ಇದ್ರೆ ಏನಾಗುತ್ತೆ ಗೊತ್ತಾ?" ಎಂದು ಕೇಳಿದರು.

"ಸಾಯ್ತೀನಿ. ಅಷ್ಟು ಗೊತ್ತಿಲ್ವಾ?"

"ಇವತ್ತು ಸುಸ್ತಾಗಿದೀರಿ. ನಾಡಿದ್ದು ಬಂದಾಗ ಕೇಳ್ತೀನಿ. ಅದರಾಚೆ ಬಂದಾಗಲೂ ಕೇಳ್ತೀನಿ."

ಕೇಳಿದರು. ಯಂತ್ರದ ವೇಗ ತಗ್ಗಿಸಿ ನೋಡಿದರು, ಔಷಧಿ ಬದಲಿಸಿ ಎಂದು ಡಾಕ್ಟರ ಬೆನ್ನುಹತ್ತಿದರು, ಮನೋವೈದ್ಯೆಯೊಬ್ಬರನ್ನು ಕರೆತಂದು ಮಾತಾಡಿಸಿದರು. ಇದು ಬೇಸರದಲ್ಲಿ ಆಡಿದ ಮಾತಲ್ಲ, ಯೋಚಿಸಿಯೇ ಆಡಿದ್ದು ಎಂದು ಆ ವೈದ್ಯೆ ಹೇಳಿದರು. ಟೈಲರಮ್ಮನ ಉತ್ತರ ಒಂದೇ. ಆಗ ಅಕ್ಕ ಮಗನನ್ನು ಕರೆಸಿ, ತಾಯಿಯ ಎದುರೇ ವಿಷಯ ಹೇಳಿದರು.

ಕಂಡಕ್ಟರ್ ಸಿಡಿದುಬಿದ್ದ. "ನೀವು ಉಳಿಸೋರಾ, ಕೊಲ್ಲೋರಾ? ನಮ್ಮಮ್ಮನ ತಲೆ ಕೆಡಿಸಿದೀರಿ ನೀವು."

ಹಿರಿಯ ಡಾಕ್ಟರೂ ಅವನ ಜೊತೆ ಸೇರಿದರು. "ಚಿಕಿತ್ಸೆ ನಿಲ್ಲಿಸೋದು ನಿಮ್ಮ ಕೆಲಸವಾ ಸಿಸ್ಟರ್?"

"ನಾನು ನಿಲ್ಲಿಸ್ತಿಲ್ಲ ಸರ್. ಅವರು ನಿಲ್ಲಿಸ್ತಿದಾರೆ. ನಾನು ಕೇಳಿಸ್ಕೊಳ್ತಿದೀನಿ, ಅಷ್ಟೇ. ನೀವೂ ಒಂದು ಸಲ ಪಕ್ಕ ಕೂತು ಕೇಳಿಸ್ಕೊಂಡು ನೋಡಿ."

ದೂರು ಹೋಯಿತು, ವಿಚಾರಣೆ ನಿಗದಿಯಾಯಿತು. ಎದುರಿನ ಕುರ್ಚಿಯವನೆಂದು ನನ್ನನ್ನೂ ಸಾಕ್ಷಿಗೆ ಕರೆದರು. ನಿರ್ದೇಶಕರ ಕೋಣೆಯಲ್ಲಿ ಉದ್ದ ಮೇಜು, ಅದರಾಚೆ ನಿರ್ದೇಶಕರೂ ಸೇರಿ ಸಮಿತಿಯ ಮೂವರು, ಒಂದು ಬದಿಗೆ ಹಿರಿಯ ಡಾಕ್ಟರು ಮತ್ತು ಕಂಡಕ್ಟರ್. ಅಕ್ಕನಿಗೆ ಕುರ್ಚಿ ತೋರಿಸಲಿಲ್ಲ. ಅವರೇ ಗೋಡೆ ಪಕ್ಕದ್ದೊಂದನ್ನು ಎಳೆದುಕೊಂಡು ಕೂತರು. ನಾನು ಕಂಡದ್ದು ಹೇಳಿದೆ. ನಿರ್ದೇಶಕರು ಇನ್ನೇನೋ ಕೇಳುವಷ್ಟರಲ್ಲಿ ಬಾಗಿಲು ತೆರೆದು ಗಾಲಿಕುರ್ಚಿಯಲ್ಲಿ ಟೈಲರಮ್ಮ ಬಂದರು. ಯಾರೂ ಅವರನ್ನು ಕರೆದಿರಲಿಲ್ಲ. ಕುರ್ಚಿ ತಳ್ಳಿಕೊಂಡು ಬಂದದ್ದು ನಮ್ಮ ಕೋಣೆಯ ಆಯಾ.

"ನನ್ನ ವಿಷಯ ಮಾತಾಡ್ತಾ ಇದೀರಂತೆ. ನಾನಿಲ್ದೆ ಹೇಗೆ?" ಎಂದರು ಟೈಲರಮ್ಮ.

ಹಿರಿಯ ಡಾಕ್ಟರು ಮೃದುವಾಗಿ, "ನಿಮಗೆ ಹುಷಾರಿಲ್ಲಮ್ಮ, ಈಗ ಇಂಥ ತೀರ್ಮಾನ ತಗೋಬಾರದು" ಎಂದರು.

"ನನ್ನ ತಲೆ ಕೆಟ್ಟಿಲ್ಲಪ್ಪ. ಕೆಟ್ಟಿರೋದು ಕಿಡ್ನಿ." ಆಮೇಲೆ ಮಗನ ಕಡೆ ತಿರುಗಿದರು. "ನಾನು ಬದುಕಿರಬೇಕು ಅನ್ನೋದು ನಿನ್ನಾಸೆ. ನನಗೇನು ಬೇಡ್ವಾ? ಆದ್ರೆ ಇದು ಬದುಕೋದಲ್ಲ ಕಣೋ. ಇಲ್ಲಿಗೆ ಬರೋದು, ನರಳೋದು, ಮನೆಗೆ ಹೋಗಿ ಬಿದ್ಕೊಳೋದು. ಎದ್ದು ಕೂತು ನಿನ್ ಹತ್ರ ನಾಲ್ಕು ಮಾತಾಡೋಕೂ ಆಗ್ತಿಲ್ಲ. ಇರೋಷ್ಟು ದಿನ ಮಾತಾಡ್ಕೊಂಡಿರ್ತೀನಿ, ಬಿಡು."

ಮಗ ಗೋಡೆ ನೋಡುತ್ತ ನಿಂತ.

ಟೈಲರಮ್ಮನ ಮಾತನ್ನು ಸಮಿತಿಗೆ ತಳ್ಳಿಹಾಕಲಾಗಲಿಲ್ಲ. ಆದರೆ ಅಕ್ಕ ತಮ್ಮ ಮಿತಿ ಮೀರಿದ್ದಾರೆ, ಹಿರಿಯ ಡಾಕ್ಟರಿಗೆ ಕ್ಷಮಾಪಣೆ ಬರೆದುಕೊಡಬೇಕು ಎಂದಿತು. ಅಕ್ಕ ಬರೆಯಲಿಲ್ಲ. "ತಪ್ಪು ಮಾಡಿದ್ರೆ ಕಾಲಿಗೂ ಬೀಳ್ತೀನಿ. ಮಾಡಿಲ್ಲ" ಎಂದರು. ಆ ವರ್ಷದ ಬಡ್ತಿ ತಪ್ಪಿತು. ಅವರು ಅದನ್ನು ತಲೆಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಹಚ್ಚಿಕೊಂಡಿದ್ದರೂ ನಮಗೆ ತೋರಿಸುವವರ ಪೈಕಿ ಅವರಲ್ಲ.

ಡ್ಯೂಟಿ ಮುಗಿಸಿ ಪ್ರತಿ ಸಂಜೆ ಟೈಲರಮ್ಮನ ಮನೆಗೆ ಹೋಗುತ್ತಿದ್ದರು. ನೋವಿಗೆ, ಉಸಿರಾಟಕ್ಕೆ ಬೇಕಾದ ಔಷಧಿಯನ್ನು ಆ ಮನೋವೈದ್ಯೆಯ ಸ್ನೇಹಿತ ಡಾಕ್ಟರೊಬ್ಬರು ಬರೆದುಕೊಡುತ್ತಿದ್ದರು. ಮೊದಲ ಸಂಜೆ ಟೈಲರಮ್ಮ ಒಂದು ಲೋಟ ನೀರು ಕೇಳಿದರಂತೆ, ಪೂರ್ತಿ ಲೋಟ. ಮಗ ಅಭ್ಯಾಸಬಲದಿಂದ ಅರ್ಧಕ್ಕಿಂತ ಕಮ್ಮಿ ತಂದ. ಅಕ್ಕ ಲೋಟ ಇಸಿದುಕೊಂಡು ಅಂಚಿನವರೆಗೆ ತುಂಬಿಸಿ ಅವನ ಕೈಗೇ ಕೊಟ್ಟರು. ಟೈಲರಮ್ಮ ಅದನ್ನು ಗುಟುಕು ಗುಟುಕಾಗಿ ಸವಿದು ಕುಡಿದು, "ನೀರಿಗೂ ರುಚಿ ಇದೆ ಅನ್ನೋದೇ ಮರೆತೋಗಿತ್ತು" ಎಂದರಂತೆ. ಅವರು ಹೋದದ್ದು ಒಂದು ಬೆಳಿಗ್ಗೆ, ಮಗನಿಗೆ ಹಳೆಯ ಬೀದಿಯ ಜನರ ಕಥೆ ಹೇಳುತ್ತ, ನಡುವೆ ಜೊಂಪು ಹತ್ತಿದಂತಾಗಿ.

ಕೆಲವು ದಿನ ಬಿಟ್ಟು ಕಂಡಕ್ಟರ್ ನಮ್ಮ ಕೋಣೆಗೆ ಬಂದ. ಆ ನೀರಿನ ಮಾತು, ಕೊನೆಯ ಬೆಳಗಿನ ಮಾತು ಹೇಳಿದ್ದು ಅವನೇ. ಧನ್ಯವಾದ ಹೇಳುತ್ತಾನೇನೋ ಎಂದುಕೊಂಡೆ. "ನಿಮ್ಮ ಮೇಲೆ ನನಗಿನ್ನೂ ಕೋಪ ಇದೆ ಅಕ್ಕ" ಎಂದ.

"ಇರಲಿ. ಅಮ್ಮನ್ನ ಕಳ್ಕೊಂಡಿರೋನಿಗೆ ಕೋಪ ಇಡೋಕೆ ಒಂದು ಜಾಗ ಬೇಕು. ನನ್ನ ಮೇಲೇ ಇಟ್ಕೊಳಪ್ಪ."

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಅತ್ತ. ಅಕ್ಕ ಕೆಲಸ ಮಾಡುತ್ತಲೇ ನಡುನಡುವೆ ಬಂದು ಅವನ ತಲೆ ಮುಟ್ಟಿ ಹೋಗುತ್ತಿದ್ದರು.

ಮರುವರ್ಷ ನರ್ಸುಗಳ ಸಂಘ ಕಿಡ್ನಿ ರೋಗಿಗಳ ಆರೈಕೆಗಾಗಿ ಅಕ್ಕನಿಗೆ ಪ್ರಶಸ್ತಿ ಘೋಷಿಸಿತು. ಹೆಸರು ಸೂಚಿಸಿದ್ದು ಅವರ ಕೈಕೆಳಗೆ ಕಲಿತ ಹುಡುಗಿಯರು. ಅಕ್ಕನಿಗೆ ಕುರ್ಚಿ ತೋರಿಸದ ನಿರ್ದೇಶಕರೇ ಈಗ ಮುಂಬಾಗಿಲಿಗೆ ಬ್ಯಾನರ್ ಕಟ್ಟಿಸಿದರು. "ನಮ್ಮ ಆಸ್ಪತ್ರೆಯ ಹೆಮ್ಮೆ" ಎಂದಿತ್ತು ಅದರಲ್ಲಿ. ಸಮಾರಂಭಕ್ಕೆ ಮೊದಲು ಅಕ್ಕನನ್ನು ಕರೆದು, ಆ ಹಳೆಯ ಪ್ರಕರಣದ ಮಾತು ವೇದಿಕೆಯಲ್ಲಿ ಬೇಡ ಎಂದರಂತೆ. ಅಕ್ಕ ವಾರ್ಡಲ್ಲಿ ಕೆಲಸವಿದೆ ಎಂದು ಎದ್ದು ಬಂದರಂತೆ.

ಸಭಾಂಗಣದಲ್ಲಿ ನಾನೂ ಇದ್ದೆ. ಅಕ್ಕ ಸಮವಸ್ತ್ರದಲ್ಲೇ ವೇದಿಕೆ ಹತ್ತಿ ಫಲಕ ಹಿಡಿದುಕೊಂಡು ಮೈಕಿನ ಮುಂದೆ ನಿಂತರು.

"ಯಾವ ಕೆಲಸಕ್ಕೆ ಈ ಗೌರವ ಅಂತ ಇಲ್ಲಿ ಯಾರೂ ಹೇಳಲಿಲ್ಲ. ನಾನೇ ಹೇಳ್ತೀನಿ. ಒಬ್ಬ ಹೆಂಗಸು ಸಾಕು ಅಂದರು, ನಾನು ಕೇಳಿಸ್ಕೊಂಡೆ. ಅದಕ್ಕೆ ಕ್ಷಮೆ ಕೇಳು ಅಂದರು. ಅವತ್ತು ಕೇಳಲಿಲ್ಲ, ಇವತ್ತೂ ಕೇಳಲ್ಲ. ನೂರು ವರ್ಷ ಮೆಷಿನ್ ಮೇಲೆ ಇರ್ತೀನಿ ಅನ್ನೋರ ಪರವಾಗಿಯೂ ಇಷ್ಟೇ ಜಗಳ ಆಡ್ತೀನಿ. ಯಾರೇ ಆಗಲಿ, ಅವರನ್ನ ಕೂರಿಸಿ, ನಿಮಗೇನು ಬೇಕು ಅಂತ ಕೇಳೋಕೆ ನಮಗೊಂದು ಕೋಣೆ ಬೇಕು. ಈಗ ಅದನ್ನ ಕಾರಿಡಾರಲ್ಲಿ ನಿಂತು ಕೇಳ್ತಿದೀವಿ. ಬ್ಯಾನರ್ ಬಿಚ್ಚಿದ ಮೇಲೂ ನಾನು ಕೇಳ್ತಾನೇ ಇರ್ತೀನಿ."

ಮುಂದಿನ ಸಾಲಿನವರು ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಸಾಲುಗಳು ಕಾಯಲಿಲ್ಲ.

ಕೋಣೆ ಕೊಡುತ್ತೇವೆ ಎಂದರು, ಕೊಡಲಿಲ್ಲ. ತಿಂಗಳುಗಳು ಉರುಳಿದವು. ಒಂದು ಸೋಮವಾರ ಅಕ್ಕ ಹೊದಿಕೆಗಳನ್ನು ತುಂಬಿಡುತ್ತಿದ್ದ ಸಣ್ಣ ಉಗ್ರಾಣವನ್ನು ಖಾಲಿ ಮಾಡಿಸಿದರು. ಗಂಡ ರಜೆ ಹಾಕಿ ಬಂದು ಗೋಡೆಗೆ ಬಣ್ಣ ಬಳಿದ. ಅತ್ತೆ ಮನೆಯಿಂದ ಎರಡು ಕುರ್ಚಿ ಕಳಿಸಿದರು. ಕೂಡಲೇ ತೆರವು ಮಾಡಬೇಕೆಂದು ಕಚೇರಿಯಿಂದ ಆದೇಶ ಬಂತು. ಎರಡನೆಯದೂ ಬಂತು.

ನಿನ್ನೆ ನನ್ನ ಸೂಜಿ ತೆಗೆದು ಹತ್ತಿ ಒತ್ತಿಹಿಡಿದಿದ್ದಾಗ ನಾನು ಆ ಆದೇಶದ ಬಗ್ಗೆ ಕೇಳಿದೆ. "ಬಂದಿದೆ, ಬಂದಿದೆ" ಎಂದರು ಅಕ್ಕ. ಅಷ್ಟರಲ್ಲಿ ಬಾಗಿಲಲ್ಲಿ ಹೊಸ ರೋಗಿಯೊಬ್ಬಳು ತಂದೆಯ ಜೊತೆ ಹೆದರಿ ನಿಂತಿದ್ದಳು. ಅಕ್ಕ ಹತ್ತಿಯ ಮೇಲೆ ನನ್ನ ಬೆರಳನ್ನೇ ಇಟ್ಟು, "ಒತ್ತಿ ಹಿಡ್ಕೊಳ್ಳಿ" ಎಂದು ಹೇಳಿ, ಅವರಿಬ್ಬರನ್ನೂ ಆ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.