ಹಿಮದೋಟಕ್ಕೆ ಮುನಿರಾಜಪ್ಪನವರ ಅಪ್ಪಣೆ

ಹೊರಮಾವಿನ ಮುನಿರಾಜಪ್ಪನವರ ಹೆಸರು ಅಚ್ಚಾದಷ್ಟು ಸಲ ಈ ಭಾಗದಲ್ಲಿ ಬೇರೆ ಯಾರ ಹೆಸರೂ ಅಚ್ಚಾಗಿರಲಿಕ್ಕಿಲ್ಲ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಗಣೇಶೋತ್ಸವದ ಫ್ಲೆಕ್ಸು, ರಾಜ್ಯೋತ್ಸವದ ಕರಪತ್ರ, ಎಲ್ಲದರಲ್ಲೂ ಮೊದಲ ಸಾಲು ಅವರದೇ. ಮನೆತನದ ಹಿರಿಯರು. ಅವರ ಅಪ್ಪಣೆಯಿಲ್ಲದೆ ಆ ವಂಶದಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡದು ಎನ್ನುತ್ತಾರೆ. ನಿಜವೇ. ಆದರೆ ಅವರ ಅಪ್ಪಣೆ ಸಿಗದೆ ಯಾರಾದರೂ ವಾಪಸು ಹೋದ ಉದಾಹರಣೆ ಚರಿತ್ರೆಯಲ್ಲಿಲ್ಲ.

ತಮ್ಮ ಆನಂದ್ ಬಂದು ರಾಗಿ ಹೊಲವನ್ನು ಸೈಟು ಮಾಡೋಣ ಅಂದಾಗ "ಆಯ್ತು" ಅಂದರು. ಮೇಸ್ತ್ರಿ ಬಂದು ಇನ್ನೊಂದು ಮಹಡಿ ಎತ್ತೋಣ ಅಂದಾಗ "ಆಯ್ತು" ಅಂದರು. ಮೇಲಿನ ಮನೆಯ ಬಾಡಿಗೆಯವರು ನಾಯಿ ಸಾಕುತ್ತೇವೆ ಅಂದರು, ಆಯ್ತು. ಎದುರು ಮನೆಯ ಬಾಡಿಗೆಯವರು ಆ ನಾಯಿ ಇರಕೂಡದು ಅಂದರು, ಅದಕ್ಕೂ ಆಯ್ತು. ಕೊನೆಗೆ ನಾಯಿಯೇ ಏನೋ ತೀರ್ಮಾನ ಮಾಡಿಕೊಂಡು ಬೀದಿಗೆ ಹೋಯಿತು. ಗಣೇಶನ ಪೆಂಡಾಲಿನಲ್ಲಿ ಅವರಿಗೆಂದೇ ಎತ್ತರದ ಕುರ್ಚಿ ಹಾಕುತ್ತಾರೆ. ಗಣಪತಿಗೂ ಅವರಿಗೂ ಇರುವ ವ್ಯತ್ಯಾಸ ಇಷ್ಟೇ: ಗಣಪತಿಯನ್ನು ಕೊನೆಯ ದಿನ ನೀರಿಗೆ ಬಿಡುತ್ತಾರೆ, ಇವರನ್ನು ಮನೆಗೆ ಬಿಡುತ್ತಾರೆ.

ಇಂಥ ಮಹಾಪುರುಷರ ಬಾಳಿನಲ್ಲಿ ಉತ್ತರ ಧ್ರುವ ಅಡ್ಡ ಬಂದದ್ದು ಆನಂದನ ಮಗ ನಿತೀಶನ ಕಾರಣದಿಂದ. ಅವನಿಗೆ ಓಡುವ ಹುಚ್ಚು. ಊರೊಳಗಿನ ಓಟ ಮುಗಿಸಿ, ಊರಾಚೆಯ ಓಟ ಮುಗಿಸಿ, ಕೊನೆಗೆ ಮರಗಿಡಗಳೂ ಸಾಕಪ್ಪಾ ಎಂದು ಬೆಳೆಯುವುದನ್ನು ನಿಲ್ಲಿಸುವ ಕಡೆಯ ಒಂದು ಓಟಕ್ಕೆ ಹೆಸರು ಕೊಟ್ಟ. ಹಿಮದ ಮೇಲೆ ಹಗಲು ರಾತ್ರಿ ಓಡಬೇಕು. ಊಟ, ಟೆಂಟು, ಹಾಸಿಗೆಯನ್ನೆಲ್ಲ ಒಂದು ಜಾರುಗಾಡಿಯ ಮೇಲಿಟ್ಟು ಸೊಂಟಕ್ಕೆ ಕಟ್ಟಿಕೊಂಡು ಎಳೆಯಬೇಕು. ನಮ್ಮ ಫ್ರಿಜ್ಜಿನಲ್ಲಿ ಐಸ್ ಕಟ್ಟುವ ಖಾನೆ ಅಲ್ಲಿಯವರಿಗೆ ಬೇಸಿಗೆ.

ತಾಲೀಮಿಗೆಂದು ನಿತೀಶ್ ಸೊಂಟಕ್ಕೆ ಲಾರಿ ಟೈರು ಕಟ್ಟಿಕೊಂಡು ಕಲ್ಯಾಣ ನಗರದ ಸರ್ವಿಸ್ ರೋಡಿನಲ್ಲಿ ಎಳೆದ. ಜನ ಹರಕೆ ಅಂದುಕೊಂಡರು. ಒಬ್ಬ ಅಜ್ಜಿ ಟೈರಿಗೆ ಕುಂಕುಮ ಇಟ್ಟು ಕೈ ಮುಗಿದಳು.

ಅನಾಹುತವಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಓಟ ನಡೆಸುವವರು ಕೇಳಿದ್ದರು. ಉಳಿದ ದೇಶದ ಓಟಗಾರರು ಹೆಂಡತಿ, ಅಮ್ಮ, ಅಣ್ಣ ಎಂದು ಬರೆದರು. ನಿತೀಶ್ ಮದುವೆ ಕಾರ್ಡು ಬರೆಯುವ ರೂಢಿಯಲ್ಲಿ ದೊಡ್ಡಪ್ಪನ ಹೆಸರು ಬರೆದ. ಹಿರಿಯರನ್ನು ಬಿಟ್ಟು ಹೆತ್ತವರ ಹೆಸರು ಹಾಕಿದರೆ ಚೆನ್ನಾಗಿರುತ್ತದೆಯೇ?

ಆ ವರ್ಷ ಯುಗಾದಿಯ ಮರುದಿನದ ಹೊಸತೊಡಕೂ ರಂಜಾನ್ ಹಬ್ಬವೂ ಒಂದೇ ದಿನ ಬಂದಿದ್ದವು. ಮಧ್ಯಾಹ್ನ ಮುನಿರಾಜಪ್ಪನವರ ನಡುಮನೆಯಲ್ಲಿ ಮಟನ್ ಸಾರಿನ ಘಮ. ಕೆಳಮನೆಯ ಬಾಡಿಗೆದಾರ, ಶಿವಾಜಿನಗರದಲ್ಲಿ ಬ್ಯಾಗು ಜಾಕೆಟ್ ಮಾರುವ ತೌಹೀದ್, ಹೊಸ ಜುಬ್ಬಾದಲ್ಲಿ ಶೀರ್ ಖುರ್ಮಾ ಪಾಯಸದ ಡಬ್ಬಿ ಹಿಡಿದು ಆಗಷ್ಟೇ ಮೇಲೆ ಬಂದಿದ್ದ. ಟಿವಿಯಲ್ಲಿ ಓಟ ನಡೆಸುವವರು ತೋರಿಸುವ ಬಿಳೀ ನಕ್ಷೆ, ಅದರ ಮೇಲೊಂದು ಕೆಂಪು ಚುಕ್ಕಿ. ಆ ಚುಕ್ಕಿಯೇ ನಿತೀಶ್. ಬೆಳಗಿನಿಂದ ನಿಂತಲ್ಲೇ ನಿಂತಿತ್ತು.

"ಮಲಗಿರ್ತಾನೆ," ಅಂದ ಆನಂದ್.

"ಇಷ್ಟೊತ್ತು ಮಲಗೋನಲ್ಲ ಅವನು," ಅಂದಳು ಅವನ ಹೆಂಡತಿ ಯಮುನಾ. ಅವಳ ಎಲೆಯ ಮುದ್ದೆ ಹಾಗೇ ಇತ್ತು.

ಆಗ ಮುನಿರಾಜಪ್ಪನವರ ಫೋನ್ ಬಡಿದುಕೊಂಡಿತು. ಯಾರೋ ಹೆಂಗಸು, ಇಂಗ್ಲಿಷು. ಅವರು ಫೋನನ್ನು ಕಾದ ಬಾಣಲೆಯಂತೆ ತೌಹೀದನ ಕೈಗೆ ದಾಟಿಸಿದರು. ತೌಹೀದ್ ಕೇಳಿಸಿಕೊಳ್ಳುತ್ತಾ ಹೋದಂತೆ ಅವನ ಮುಖದಿಂದ ಹಬ್ಬ ಇಳಿಯಿತು.

"ಯಜಮಾನ್ರೇ, ಕಾಲ್ಬೆರಳು ಬೆಳ್ಳಗಾಗಿದೆಯಂತೆ. ಚಳಿ ಕಚ್ಚಿದೆ. ಓಟ ಈಗ್ಲೇ ಬಿಟ್ರೆ ಬೆರಳು ಉಳಿಯುತ್ತೆ, ಮುಂದಕ್ಕೆ ಹೋದ್ರೆ ಹೇಳಕ್ಕಾಗಲ್ಲ ಅಂತಾರೆ ಡಾಕ್ಟ್ರು. ಇವನು ಕೇಳ್ತಿಲ್ಲ. ನಮ್ಮನೇಲಿ ಎಲ್ಲಾ ದೊಡ್ಡಪ್ಪ ಹೇಳ್ದಂಗೆ, ಅವ್ರು ನಿಲ್ಲು ಅಂದ್ರೆ ನಿಲ್ತೀನಿ ಅಂದವ್ನಂತೆ."

ಹುಡುಗನ ಬುದ್ಧಿಗೆ ತಲೆದೂಗಬೇಕು. ಭೂಮಂಡಲದಲ್ಲಿ ಯಾರಿಗೂ ಇಲ್ಲ ಎನ್ನದ ಒಬ್ಬನೇ ಮನುಷ್ಯನನ್ನು ನ್ಯಾಯಾಧೀಶನಾಗಿ ಕೂರಿಸಿದ್ದ.

"ಭಾವ, ಬೇಡ ಅನ್ನಿ," ಅಂದಳು ಯಮುನಾ.

"ಅಣ್ಣ, ಇಷ್ಟು ದೂರ ಹೋಗಿದ್ದಾನೆ. ಊರಿಗೆಲ್ಲಾ ಹೇಳ್ಕೊಂಡು ಬಂದಿದ್ದೀನಿ," ಅಂದ ಆನಂದ್.

ಮುನಿರಾಜಪ್ಪನವರು ಅಭ್ಯಾಸಬಲದಿಂದ ಇಬ್ಬರಿಗೂ ತಲೆಯಾಡಿಸಿದರು. ಅಷ್ಟರಲ್ಲಿ ಆ ತುದಿಯಿಂದ ನಿತೀಶನ ದನಿ ಬಂತು. ತೌಹೀದ್ ಫೋನನ್ನು ಸ್ಪೀಕರಿಗೆ ಹಾಕಿ ಅವರ ಕೈಗೆ ಕೊಟ್ಟ.

"ದೊಡ್ಡಪ್ಪ, ಹಬ್ಬ ಜೋರಾ?"

"ಜೋರು ಕಣೋ. ಕಾಲಿಗೇನಾಯ್ತು?"

"ಏನಿಲ್ಲ, ಇವ್ರು ಸುಮ್ನೆ ಹೆದರ್ತಾರೆ. ನೀವು ಹೋಗು ಅಂದ್ಬಿಡಿ ಸಾಕು."

"ನೋವಿದೆಯೇನೋ?"

"ಒಂಚೂರೂ ಇಲ್ಲ. ಬೆರಳು ಇದೆ ಅಂತಾನೇ ಗೊತ್ತಾಗ್ತಿಲ್ಲ."

ಇದನ್ನು ಅವನು ಸಮಾಧಾನಕ್ಕೆ ಹೇಳಿದ್ದು. ಯಮುನಾ ಫೋನ್ ಕಿತ್ತುಕೊಂಡಳು. "ನಿತೀ, ಸಾಕು, ಬಾರೋ."

"ಅಮ್ಮ, ಫೋನ್ ದೊಡ್ಡಪ್ಪಂಗೆ ಕೊಡು. ಅವ್ರ ಹೆಸರೇ ಕೊಟ್ಟಿರೋದು. ನಿನ್ನ ಹೆಸರಿಲ್ಲ."

ಅವಳು ಕೊಟ್ಟಳು. ಕೊಟ್ಟು, ಗೋಡೆಗೊರಗಿ ಕೂತಳು.

ಮುನಿರಾಜಪ್ಪನವರು ಫೋನನ್ನು ಎರಡೂ ಕೈಯಲ್ಲಿ ಹಿಡಿದರು. ಮೀಸೆ ಒರೆಸಿಕೊಂಡರು. ಆಮೇಲೆ ಅರವತ್ತು ದಾಟಿದ ಆ ಬಾಯಿಯಿಂದ, ಯಾವ ಕಾರ್ಡಿನಲ್ಲೂ ಅಚ್ಚಾಗದ ಒಂದು ಮಾತು ಹೊರಬಿತ್ತು.

"ಬೇಡ."

ಆನಂದ್ ಅಣ್ಣನನ್ನು ಗೋಡೆ ಮಾತಾಡಿತೇನೋ ಎಂಬಂತೆ ನೋಡಿದ. ತೌಹೀದ್ ಮೆಲ್ಲಗೆ "ಶಾಭಾಷ್" ಅಂದ.

"ಬೇಡ ಕಣೋ. ಸಾಕು. ವಾಪಸ್ ಬಂದ್ಬಿಡು."

ಅಲ್ಲಿನ ಸ್ಯಾಟಲೈಟ್ ಫೋನಿನಲ್ಲಿ ಮಾತು ಆಕಾಶಕ್ಕೆ ಹೋಗಿ ಇಳಿಯಬೇಕು, ಹಾಗಾಗಿ ಉತ್ತರ ತಡ. ನಿತೀಶ್ ಕಿರುಚಿದ್ದರೆ ಕಷ್ಟವಿರಲಿಲ್ಲ. ಬಾಡಿಗೆಯವರ ಕಿರುಚಾಟ ಕೇಳಿ ಅವರ ಕಿವಿ ಪಳಗಿತ್ತು. ಆದರೆ ಹುಡುಗ ಅತ್ತುಬಿಟ್ಟ.

"ನೀವೂನಾ ದೊಡ್ಡಪ್ಪ? ನೀವು ಯಾವತ್ತಾದ್ರೂ ನಂಗೆ ಬೇಡ ಅಂದಿದ್ದೀರಾ?"

"ಇಲ್ಲ ಮಗಾ."

"ಎಷ್ಟು ದಿನದಿಂದ ಕಾದಿದ್ದೀನಿ ಗೊತ್ತಲ್ವಾ ನಿಮ್ಗೆ?"

"ಗೊತ್ತು ಕಣೋ. ಆದ್ರೂ ಬೇಡ," ಅಂದರು. ಈ ಸಲದ್ದು ಮೊದಲಿನಷ್ಟು ಗಟ್ಟಿಯಿರಲಿಲ್ಲ.

"ದೊಡ್ಡಪ್ಪ, ಪ್ಲೀಸ್."

ಒಂದು ಕೋಟೆ ಒಂದೇ ಏಟಿಗೆ ಬೀಳುವುದಿಲ್ಲ ಎನ್ನುತ್ತಾರಲ್ಲ, ಇದು ಆಗಷ್ಟೇ ಕಟ್ಟಿದ ಕೋಟೆ, ಗಾರೆ ಇನ್ನೂ ಒಣಗಿರಲಿಲ್ಲ. ಅವರು ಯಮುನಾಳನ್ನು ನೋಡಿದರು, ಆನಂದನನ್ನು ನೋಡಿದರು, ಯಾರಾದರೂ ಮೇಲಿನವರು ಸಿಗಬಹುದೇ ಎಂದು ಗೋಡೆಯ ಮೇಲಿದ್ದ ತಂದೆಯ ಫೋಟೊವನ್ನೂ ನೋಡಿದರು. ಅವನಿಗೆ ಅಳಬೇಡ ಅನ್ನಬೇಕಿತ್ತು. ನಾಲಗೆ ಹುಡುಕಿಕೊಂಡು ಬಂದದ್ದು ಬೇರೆ.

"ಹುಷಾರು ಕಣೋ."

ಅಷ್ಟು ಸಾಕಾಯಿತು. ನಿತೀಶ್ ಅಲ್ಲಿ ಯಾರಿಗೋ ಇಂಗ್ಲಿಷಿನಲ್ಲಿ ಖುಷಿಯಾಗಿ ಏನೋ ಹೇಳುವುದು ಕೇಳಿಸಿತು. ತೌಹೀದ್ ಫೋನ್ ಕಸಿದು "ನೋ ಮೇಡಂ, ವೆಯ್ಟ್ ಮೇಡಂ" ಅನ್ನುವಷ್ಟರಲ್ಲಿ ಸಂಪರ್ಕ ಹೋಗಿತ್ತು. ಮತ್ತೆ ಮತ್ತೆ ಹಚ್ಚಿದರು. ಆ ನಂಬರು ಹೊರಗಿನಿಂದ ಬರುವ ಕರೆ ತೆಗೆದುಕೊಳ್ಳುವ ಜಾತಿಯದ್ದಲ್ಲ.

ಸ್ವಲ್ಪ ಹೊತ್ತಿಗೆ ಚುಕ್ಕಿ ಅಲ್ಲಾಡಿತು. ಮುಂದಕ್ಕೆ. ಆನಂದ್ ಸೀಟಿ ಹೊಡೆದ. ಗಲಾಟೆ ಕೇಳಿ ಮೆಟ್ಟಿಲಿಗೆ ಬಂದು ನಿಂತಿದ್ದ ಬಾಡಿಗೆಯವರೆಲ್ಲ ಚಪ್ಪಾಳೆ ತಟ್ಟಿದರು. ಯಮುನಾ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.

ಮುನಿರಾಜಪ್ಪನವರು ಟಿವಿಯ ಮುಂದೆ ಕುರ್ಚಿ ಎಳೆದುಕೊಂಡರು. ಜೀವಮಾನದಲ್ಲಿ ಹೇಳದೆ ಉಳಿಸಿಕೊಂಡಿದ್ದ ಬೇಡಗಳನ್ನೆಲ್ಲ ಆ ಚುಕ್ಕಿಗೆ ಹೇಳಿದರು. ಬೇಡ ಕಣೋ, ನಿಲ್ಲೋ, ತಿರುಗೋ. ಹೊಲದ ಬೇಡ, ಮಹಡಿಯ ಬೇಡ, ನಾಯಿಯ ಬೇಡ ಎಲ್ಲ ಅದರಲ್ಲಿದ್ದವು. ಚುಕ್ಕಿ ಇಷ್ಟಿಷ್ಟೇ ಮುಂದೆ ಹೋಯಿತು. ಇರುವೆಯಾಗಿದ್ದರೆ ಬೆರಳಿಟ್ಟು ತಡೆಯಬಹುದಿತ್ತು. ಒಮ್ಮೆ ಇಟ್ಟೂ ನೋಡಿದರು. ಬೆರಳಿನ ಆ ಕಡೆಯಿಂದ ಚುಕ್ಕಿ ಹೊರಬಂತು.

ನಿತೀಶ್ ಕೊನೆಯಿಂದ ಎರಡನೆಯವನಾಗಿ ಗುರಿ ಮುಟ್ಟಿದ. ಅಲ್ಲಿನ ಆಸ್ಪತ್ರೆಯಲ್ಲಿ ಎಡಗಾಲಿನ ಎರಡು ಬೆರಳು ತೆಗೆದರು.

ಮೇ ತಿಂಗಳಲ್ಲಿ ಬೀದಿಗೆ ಬೀದಿಯೇ ಸೇರಿ ಸನ್ಮಾನ ಮಾಡಿತು. "ಹಿಮವೀರ" ಎಂಬ ಫ್ಲೆಕ್ಸಿನಲ್ಲಿ ವೀರನಿಗಿಂತ ಅಪ್ಪಣೆ ಕೊಟ್ಟ ದೊಡ್ಡಪ್ಪನ ಫೋಟೊ ದೊಡ್ಡದಿತ್ತು. ಆನಂದ್ ಮೈಕಿನಲ್ಲಿ, ಆ ದಿನ ನಮ್ಮಣ್ಣ ಧೈರ್ಯ ಮಾಡಿ ಹೋಗು ಅನ್ನದಿದ್ದರೆ ಈ ದಿನ ಬರುತ್ತಿತ್ತೇ ಎಂದು ಸಭೆಯನ್ನು ಕೇಳಿದ. ಸಭೆ ಇಲ್ಲ ಅಂದಿತು. ಯಮುನಾ ವೇದಿಕೆ ಹತ್ತಲಿಲ್ಲ. ಹಿಂದಿನ ಸಾಲಿನಲ್ಲಿ ತೌಹೀದನ ಪಕ್ಕ ಕೂತಿದ್ದಳು.

ಜನ ಕಾಲು ನೋಡಬೇಕೆಂದರು. ನಿತೀಶ್ ನಗುನಗುತ್ತಾ ಶೂ ಕಳಚಿದ. ಫೋಟೊದವನಿಗೆ ಒಳ್ಳೆಯ ಉಪಾಯ ಹೊಳೆಯಿತು: ದೊಡ್ಡಪ್ಪನವರು ಆ ಪಾದವನ್ನು ಕೈಯಲ್ಲಿ ಹಿಡಿದುಕೊಳ್ಳಲಿ.

ಮುನಿರಾಜಪ್ಪನವರು ಹಿಡಿದುಕೊಂಡರು. ಪಾದ ಬೆಚ್ಚಗಿತ್ತು. ಬೆರಳಿಲ್ಲದ ಜಾಗದಲ್ಲಿ ಅವರ ಹೆಬ್ಬೆರಳು ಸುಮ್ಮನೆ ಅತ್ತಿತ್ತ ಆಡಿತು.

"ಬೇಡ ಅಂದಿದ್ನಲ್ಲೋ," ಅಂದರು, ಅವನಿಗಷ್ಟೇ ಕೇಳುವಂತೆ.

"ಅಂದ್ರಿ ದೊಡ್ಡಪ್ಪ. ಆಮೇಲೆ ಹುಷಾರು ಅಂದ್ರಲ್ಲ."

"ಇನ್ನೊಂದು ಸಲ ಬೇಡ ಅನ್ಬೇಕಿತ್ತು."

"ಬಿಡಿ ದೊಡ್ಡಪ್ಪ, ಆಗಿದ್ದಾಯ್ತು."

"ಸಾರ್, ಈ ಕಡೆ," ಅಂದ ಫೋಟೊದವನು. "ಪಾದ ಸ್ವಲ್ಪ ಮೇಲಕ್ಕೆತ್ತಿ. ಹಾ, ಹಾಗೇ. ಸ್ವಲ್ಪ ನಗಿ ಸಾರ್."

ಮುನಿರಾಜಪ್ಪನವರು ಪಾದವನ್ನು ಮೇಲಕ್ಕೆತ್ತಿ, ನಕ್ಕರು.