ಒದ್ದೆ ಧೋತರ

ಶಹಾಬಾದಿನಲ್ಲಿ ರಘೂತ್ತಮನ ಮನೆ ಎಲ್ಲಿ ಅಂದರೆ ಯಾರಿಗೂ ಗೊತ್ತಿರುತ್ತಿರಲಿಲ್ಲ. ‘ಅಪ್ಪನ ಹೆಣದ ಮುಂದ ಧೋತರ ಕಳದಾಂವ’ ಅಂದರೆ ಪಾನ್ ಅಂಗಡಿಯವನೂ ಎದ್ದು ಬಂದು ಓಣಿ ತೋರಿಸುತ್ತಿದ್ದ.

ಆಗಿದ್ದಿಷ್ಟು. ತೊಂಬತ್ನಾಲ್ಕರ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಅವರ ಮನೆತನದಲ್ಲಿ ಹಿರಿಯ ಮಗ ಉಟ್ಟ ಬಟ್ಟೆಯಲ್ಲೇ ಕಾಗಿಣಾ ಹೊಳೆಯಲ್ಲಿ ಮುಳುಗಿ, ಆ ಒದ್ದೆಯಲ್ಲೇ ಹೆಗಲ ಮೇಲೆ ನೀರಿನ ಕೊಡ ಹೊತ್ತು ಚಿತೆ ಸುತ್ತಿ ಬೆಂಕಿ ಇಡಬೇಕು. ರಘೂತ್ತಮ ಮುಳುಗಿ ಎದ್ದ. ಧೋತರ ತೊಡೆಗೆ ಅಂಟಿಕೊಂಡಿತು. ಮಂದಿಗೆ ಅದು ಒದ್ದೆ ಬಟ್ಟೆ. ಅವನಿಗೆ ಸುಲಿದ ಗಾಯಕ್ಕೆ ಉಪ್ಪು ಸವರಿದ ಹಾಗೆ. ಮೊದಲ ಸುತ್ತು ಹಲ್ಲು ಕಚ್ಚಿ ನಡೆದ. ಎರಡನೆಯದರಲ್ಲಿ ಕೊಡ ಕೈಬಿಟ್ಟ, ಧೋತರ ಕಿತ್ತೆಸೆದ, ಮೈಮೇಲೆ ಜನಿವಾರ ಒಂದೇ ಉಳಿದಿರಲು ಜಾಲಿ ಕಂಟಿಯ ಹಿಂದೆ ಓಡಿ ಕುಕ್ಕರಗಾಲಲ್ಲಿ ಕೂತ. ತಮ್ಮ ಸುಮಧ್ವ ಬೆಂಕಿ ಇಟ್ಟ.

ಅಪ್ಪನ ಮೇಲೆ ಸಿಟ್ಟಿತ್ತು ಅಂದರು ಕೆಲವರು. ತಲೆ ಕೆಟ್ಟಿದೆ ಅಂದರು ಹಲವರು. ರಘೂತ್ತಮ ತನಗೆ ತಾನೇ ಅಂದುಕೊಂಡದ್ದು ಇನ್ನೂ ಹೊಲಸು: ಅಪ್ಪನ ಹೆಣಕ್ಕೆ ಹೇಸಿ ಓಡಿದೆ. ಅವ್ವ ಲೀಲಾಬಾಯಿ ಬೈಯಲಿಲ್ಲ. ಬೀಗರೆಲ್ಲ ಕೂತಿದ್ದಾಗ ಕಿರಿಯ ಮಗನಿಗೆ, “ನನಗೂ ನೀನೇ ಕೊಳ್ಳಿ ಇಡು. ಅಂವ ಹೊಳೀಗೆ ಬರೂದು ಬ್ಯಾಡ” ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವನು ಗೋಡೆ ಹಿಡಿದು ನಡೆಯುವವನಾದ. ವಾಡಿಯ ಶಾಲೆಯಲ್ಲಿ ಗುಮಾಸ್ತಿಕೆ. ರೈಲಿನಲ್ಲಿ ಯಾರ ಮೈಯೂ ತಾಕದಂತೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಹಿತ್ತಲಾಚೆ ಫರಸಿ ಕಲ್ಲು ಕೊಯ್ಯುವ ಮಷೀನು ಶುರುವಾದರೆ ಕಿವಿಗೆ ಅರಳೆ. ಹೊಸ ಅಂಗಿ ತಂದರೆ ಹೆಂಡತಿ ವೃಂದಾ ಮೊದಲು ಕಾಲರಿನ ಚೀಟಿ ಕತ್ತರಿಸಬೇಕು. ಒಂದು ಮಳೆಗಾಲ ಸ್ಟೇಷನ್ನಿನಿಂದ ತೋಯ್ದು ಬಂದವನು ಓಣಿಯಲ್ಲೇ ಅಂಗಿ ಹರಿದುಕೊಂಡ. ವೃಂದಾಗೆ ಸಾಕಾಯಿತು.

“ಇದು ಸೊಕ್ಕಲ್ಲ, ಹುಚ್ಚೂ ಅಲ್ಲ. ಬ್ಯಾರೆ ಏನೋ ಅದ. ನಡೀರಿ ಗುಲ್ಬರ್ಗಾಕ್ಕ.”

ಅಲ್ಲಿಯ ಡಾಕ್ಟರಮ್ಮ ಬಾಲ್ಯದಿಂದ ಹಿಡಿದು ಕೆದಕಿ ಕೆದಕಿ ಕೇಳಿದಳು. ಮೂರು ಸಲ ಕರೆಸಿ ಆಟಿಸಂ ಅಂದಳು. ಅದು ಮಕ್ಕಳಿಗಷ್ಟೇ ಇರುವಂಥದ್ದಲ್ಲ, ಹುಟ್ಟಿನಿಂದ ಕೊನೆಯವರೆಗೂ ಇರುತ್ತದೆ. ನಿಮ್ಮ ಚರ್ಮ, ಕಿವಿ ಎಲ್ಲವನ್ನೂ ಹೆಚ್ಚಾಗಿ ಹಿಡಿಯುತ್ತವೆ ಅಂದಳು. “ನೀವು ಹೇಸಿ ಓಡಿಲ್ರೀ. ತಡಕೊಳ್ಳಲಿಕ್ಕಾಗದೆ ಓಡೀರಿ.”

ಹಗುರಾಗಬೇಕಿತ್ತು, ಆಗಲಿಲ್ಲ. ಐವತ್ತರ ಗಂಡಸು ಅವ್ವನ ಮುಂದೆ ನಿಂತು ಒದ್ದೆ ಬಟ್ಟೆ ನನಗಾಗದು ಅನ್ನಬೇಕಲ್ಲ! ಆರು ತಿಂಗಳು ಬಾಯಿ ಬರಲಿಲ್ಲ. ಲೀಲಾಬಾಯಿ ಸುಮಧ್ವನ ಮನೆಯಲ್ಲಿ ಹಾಸಿಗೆ ಹಿಡಿದಾಗ ಹೋದ.

“ಅವ್ವಾ, ಅಪ್ಪನ ಮ್ಯಾಲ ಸಿಟ್ಟಿರಲಿಲ್ಲ. ನನ್ನ ಮೈ ಹುಟ್ಟಾ ಹಂಗದಂತ. ಒದ್ದೀದು ತಡಿಯಂಗಿಲ್ಲ.”

ಮುದುಕಿ ಅವನತ್ತ ಹೊರಳಿ, “ಸಣ್ಣಾಂವಿದ್ದಾಗ ಅಂಗಿ ತೋಯ್ದ್ರ ಭಾಳ ಬೊಬ್ಬಿ ಹೊಡೀತಿದ್ದಿ. ನಾ ಸೊಕ್ಕಂತ ಬಡೀತಿದ್ದೆ” ಅಂದಳು.

“ಹೂಂ.”

“ಈಗ ನನ್ನ ಸಲುವಾಗಿ ಒದ್ದೀ ಉಡ್ತೀ ಏನು?”

ಸುಳ್ಳು ಹೇಳಬಹುದಿತ್ತು. “ಆಗಂಗಿಲ್ಲವ್ವಾ. ಮತ್ತ ಓಡ್ತೀನಿ. ಆದ್ರ ಕೊಳ್ಳಿ ನಾನೇ ಇಡಬೇಕು ಅಂತ ಆಸೆ.”

“ಒಣಾದು ಉಟ್ಟು ಇಡು.”

“ಆಚಾರ್ರು ಬಿಡಂಗಿಲ್ಲ. ಆವಾಗ ಹೇಳಲಿಕ್ಕ ನೀ ಇರಂಗಿಲ್ಲ.”

“ಅದಕ್ಕೇ ಈಗ ಕರಸು. ಸುಮಧ್ವಾ, ಹೋಗು.”

ಪುರೋಹಿತ ಪಾಂಡುರಂಗಾಚಾರ್ಯರು ಬಂದರು. ಅವರೆದುರು ರಘೂತ್ತಮ ಇನ್ನೊಮ್ಮೆ ಎಲ್ಲ ಒದರಬೇಕಾಯಿತು. ತಲೆ ತಗ್ಗಿಸಿ ನೆಲ ನೋಡುತ್ತಲೇ ಹೇಳಿ ಮುಗಿಸಿದ.

“ಶಾಸ್ತ್ರದಾಗ ಇಲ್ರೀ ಬಾಯೀ” ಅಂದರು ಆಚಾರ್ಯರು.

“ಶಾಸ್ತ್ರ ನನ್ನ ಸುಡಂಗಿಲ್ರೀ, ಬೆಂಕಿ ಸುಡ್ತದ. ಬೆಂಕೀಗೆ ಒಣಾದಿದ್ರ ಇನ್ನೂ ಚಲೋ.”

ಸುಮಧ್ವ ಕಿಸಕ್ಕನೆ ನಕ್ಕ. ಆಚಾರ್ಯರು ಗಡ್ಡ ಕೆರೆದುಕೊಂಡರು. “ಧೋತರದ ಚುಂಗಿಗೆ ನಾಕು ಹನಿ ಚಿಮುಕಸ್ತೀನಿ. ಅಷ್ಟಾದ್ರೂ ಬೇಕು.”

“ಚುಂಗು ಮೈಗೆ ಹತ್ತದ್ಹಂಗ ದೂರ ಹಿಡಕೊಳ್ಳಲೇನ್ರೀ?” ರಘೂತ್ತಮನ ದನಿ ಅವನಿಗೇ ಕೇಳಲಿಲ್ಲ.

“ಹಿಡ್ಕೊಳಪ್ಪಾ.”

“ತೆಲಿ ಎತ್ತೋ, ಹಿರೇ ಮಗ ಇದ್ದಿ” ಅಂದಳು ಲೀಲಾಬಾಯಿ.

ಅದೊಂದು ಮಾತ್ರ ಅವನಿಂದಾಗಲಿಲ್ಲ.